ನಮ್ಮೂರ ನಾಟಕ ತಂಡದ ಹಳೇ ವರ್ಷಗಳನ್ನು ಸಾಲಾಗಿ ಜೋಡಿಸೋದು ಹೇಗೆ?

ತೋಟದಂಚು (ಶಿರಸಿ):
ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ನಮ್ಮೂರಲ್ಲಿ ಅಜ್ಜನ ಕಾಲದಿಂದ ಒಂದು ಹವ್ಯಾಸಿ ನಾಟಕ ತಂಡ ಇದೆ. ಅಡಿಕೆ ಕೊಯ್ಲು ಮುಗಿದ ಮೇಲೆ ಶಾಲೆ ಅಂಗಳದಲ್ಲಿ ವರ್ಷಕ್ಕೊಂದು ನಾಟಕ. ಯಾವ ವರ್ಷ ಯಾವ ನಾಟಕ, ಯಾರು ಯಾವ ಪಾತ್ರ ಅಂತ ಎಲ್ಲೂ ಬರೆದಿಟ್ಟಿಲ್ಲ. ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗ್ತಾ ಇದ್ದಾರೆ, ಅದಕ್ಕೇ ಈ ಮಳೆಗಾಲದಲ್ಲೇ ಕೂತು ಬರೆಯಬೇಕು ಅಂತಿದ್ದೇನೆ. ಒಂದು ಟ್ರಂಕು ಸಿಕ್ಕಿದೆ. ಒಳಗೆ ಕರಪತ್ರಗಳು, ಗೆದ್ದಲು ತಿಂದ ಕೈಬರಹದ ಪ್ರತಿಗಳು, ಒಂದು ಜಮಾಖರ್ಚಿನ ಪುಸ್ತಕ. ಆದರೆ ಜಾಸ್ತಿ ಕರಪತ್ರಗಳಲ್ಲಿ ಇಸವಿಯೇ ಇಲ್ಲ. ಒಂದರಲ್ಲಿ ‘ಕ್ರೋಧಿ ಸಂವತ್ಸರ, ಮಾಘ ಮಾಸ, ರಾತ್ರಿ 9-30ಕ್ಕೆ ಸರಿಯಾಗಿ’ ಅಂತಿದೆ, ಕೆಳಗೆ ‘ಸ್ತ್ರೀಯರಿಗೆ ಪ್ರತ್ಯೇಕ ವ್ಯವಸ್ಥೆ’. ಇನ್ನೊಂದರಲ್ಲಿ ಟಿಕೆಟ್ ದರ ‘50 ನ.ಪೈ.’ ಇವನ್ನೆಲ್ಲ ಹೇಗೆ ಜೋಡಿಸೋದು?

ಕಾಳಿದಂಡೆ (ಕಾರವಾರ):
ಕ್ರೋಧಿ ಬರೋದು 60 ವರ್ಷಕ್ಕೊಮ್ಮೆ. ಈಚಿನದು 2024-25, ಅದರ ಹಿಂದಿನದು 1964-65. ಕಾಗದ ಹಳೇದಾದರೆ ಅದು ಹಿಂದಿನದೇ. ಒಂದು ನೋಡಿಕೊಳ್ಳಿ, ಸಂವತ್ಸರ ಶುರುವಾಗೋದು ಯುಗಾದಿಗೆ, ಮಾಘ ಬರೋದು ಅದರ ಬಾಲದಲ್ಲಿ. ಹಾಗಾಗಿ ಆ ನಾಟಕ 1965ರ ಫೆಬ್ರವರಿ ಹೊತ್ತಿನದು, 1964 ಅಂತ ಬರೆದುಬಿಡಬೇಡಿ. ತಿಥಿ, ವಾರ ಎರಡೂ ಇದ್ದರೆ ತಾರೀಕೇ ಸಿಗುತ್ತದೆ.

ಆ ‘ನ.ಪೈ.’ ಅಂದ್ರೆ ನಯೇ ಪೈಸೆ. ಅದು ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯೇ’ ಬಿಟ್ಟುಹೋದದ್ದು 1964ರ ಜೂನ್‌ನಲ್ಲಿ. ಅಚ್ಚಿನವರು ರೂಢಿಯಿಂದ ಇನ್ನೊಂದೆರಡು ವರ್ಷ ಹಾಗೇ ಹಾಕಿರಬಹುದು. ದರ ಆಣೆಯಲ್ಲಿದ್ದರೆ ಇನ್ನೂ ಹಿಂದಿನದು. ವಿಳಾಸವನ್ನೂ ನೋಡಿ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು ಅಂತ ಕಣ್ಣುಮುಚ್ಚಿ ಹೇಳಬಹುದು.

ಪರದೆಹಿಂದೆ (ಸಿದ್ದಾಪುರ):
ಇಸವಿ ಆಯ್ತು. ನನಗಂತೂ ಆ ಟ್ರಂಕಿನಲ್ಲಿ ಎಲ್ಲಕ್ಕಿಂತ ಬೆಲೆಯದು ಅಂದ್ರೆ ಜಮಾಖರ್ಚಿನ ಪುಸ್ತಕವೇ. ಕರಪತ್ರದಲ್ಲಿ ರಾಜನ ಪಾತ್ರದವರ ಹೆಸರು ಇದ್ದೇ ಇರುತ್ತದೆ, ಆದರೆ ಗ್ಯಾಸ್‌ಲೈಟ್ ಬಾಡಿಗೆ ಯಾರಿಗೆ ಕೊಟ್ಟರು, ಬಣ್ಣ ಹಚ್ಚೋಕೆ ಯಾರು ಬಂದರು, ಹಾರ್ಮೋನಿಯಂ ಯಾರ ಮನೆಯದು, ತಾಲೀಮಿನ ರಾತ್ರಿಗಳ ಅವಲಕ್ಕಿ-ಚಹಾದ ಖರ್ಚು ಎಷ್ಟಾಯ್ತು, ಇದೆಲ್ಲ ಸಿಗೋದು ಅಲ್ಲೇ. ಪ್ರಾಂಪ್ಟರ್ (ಪರದೆ ಹಿಂದಿನಿಂದ ಮಾತು ಹೇಳಿಕೊಡುವವರು) ಪ್ರತಿಯ ಅಂಚಿನ ಪೆನ್ಸಿಲ್ ಗುರುತುಗಳನ್ನೂ ಬಿಡಬೇಡಿ, ಯಾವ ಮಾತು ಕತ್ತರಿಸಿದರು, ಎಲ್ಲಿ ಹಾಡು ಸೇರಿಸಿದರು ಅಂತ ಗೊತ್ತಾಗುತ್ತದೆ.

ಹಿರಿಯರ ಹತ್ತಿರ ‘ಯಾವ ಇಸವಿ’ ಅಂತ ಕೇಳಿದರೆ ಉತ್ತರ ಸಿಗಲ್ಲ ಮಾರಾಯ್ರೆ. ‘ಮಾರಿಕಾಂಬಾ ಜಾತ್ರೆ ಇದ್ದ ವರ್ಷವಾ, ಇಲ್ಲದ ವರ್ಷವಾ’ ಅಂತ ಕೇಳಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ತಾನೇ, ಅದು ಅವರ ತಲೆಯಲ್ಲಿ ಗಟ್ಟಿಯಾಗಿರುತ್ತದೆ. ಜಾತ್ರೆಯ ಕಂಪನಿ ನಾಟಕ ನೋಡಿ ಬಂದವರು ಅದೇ ಹಾಡು, ಅದೇ ಸೀನು ಊರಿಗೆ ತರ್ತಿದ್ದರು. ಹೆಂಗಸರನ್ನೂ ತಪ್ಪದೆ ಕೇಳಿ, ಅತ್ತೆಯ ಯಾವ ಸೀರೆ ಯಾವ ಗಂಡಸಿನ ದ್ರೌಪದಿ ಪಾತ್ರಕ್ಕೆ ಹೋಯಿತು ಅಂತ ಅವರಿಗೇ ನೆನಪಿರೋದು.

ನಾಟಕ ಆಗದ ವರ್ಷವನ್ನೂ ಖಾಲಿ ಬಿಡದೆ ಕಾರಣ ಬರೆಯಿರಿ. ಊರಲ್ಲಿ ಸಾವಾಯ್ತು, ಅಡಿಕೆ ದರ ಬಿದ್ದಿತ್ತು, ಕೊರೊನಾ, ಏನೇ ಇರಲಿ.

ಗುಣವಂತೆ ದಾರಿ (ಹೊನ್ನಾವರ):
ಒಂದು ಮಾತು ಸೇರಿಸ್ತೇನೆ. ನಿಮ್ಮಲ್ಲಿ ಯಕ್ಷಗಾನಕ್ಕೂ ಹೋಗುವ ಪಾತ್ರಧಾರಿಗಳು ಇದ್ದೇ ಇರ್ತಾರೆ. ಮೇಳಗಳ ತಿರುಗಾಟ ಸುಮಾರು ನವೆಂಬರ್‌ನಿಂದ ಮೇವರೆಗೆ. ಅಂಥವರು ಯಾವ ವರ್ಷ ಮೇಳಕ್ಕೆ ಹೋಗಿದ್ದರು ಅಂತ ಕೇಳಿದರೆ ಪಾತ್ರ ಬದಲಾದದ್ದು ಯಾಕೆ ಅಂತಲೂ ತಿಳಿದೀತು. ಬಣ್ಣದ ಸೀನಿನ ಪರದೆ ಯಾವಾಗ ನಿಂತಿತು ಅಂತ ಬೇರೆಯಾಗಿ ಕೇಳಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಊರೂರು ಸುತ್ತುವ ನಾಟಕ ತಂಡ ‘ತಿರುಗಾಟ’ 1985ರಲ್ಲಿ ಶುರುವಾಯ್ತು. ಅದನ್ನು ನೋಡಿದ ಮೇಲೆ ನಮ್ಮ ಕಡೆ ಹುಡುಗರು ಖಾಲಿ ರಂಗದಲ್ಲಿ, ಬರೀ ಬೆಳಕಲ್ಲಿ ನಾಟಕ ಮಾಡೋಕೆ ಹೊರಟರು. ಹಳಬರಿಗೆ ಅದು ಹಿಡಿಸಲಿಲ್ಲ, ಆ ಜಗಳವೂ ನಿಮ್ಮ ಬರಹದಲ್ಲಿ ಇರಲಿ.

ತೋಟದಂಚು (ಶಿರಸಿ):
ತುಂಬಾ ಉಪಕಾರವಾಯ್ತು. ಜಮಾಖರ್ಚು ಈಗಷ್ಟೇ ತೆರೆದೆ, ‘ಸೀರೆ ಇಸ್ತ್ರಿ’ ಅಂತಲೇ ಒಂದು ಸಾಲಿದೆ! ಕರಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಲಾ?

ಕಾಳಿದಂಡೆ (ಕಾರವಾರ):
ಬೇಡವೇ ಬೇಡ. ಬಿಸಿಗೆ, ಅಂಟಿಗೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸೋಕೂ ಬರಲ್ಲ. ಹಗಲು ಬೆಳಕಲ್ಲಿ ಎರಡೂ ಬದಿ ಫೋಟೊ ತೆಗೆಯಿರಿ, ಅಡಿಯಲ್ಲಿರುವ ಪ್ರೆಸ್ಸಿನ ಹೆಸರೂ ಬರಬೇಕು. ಆಮೇಲೆ ಒಣ ಜಾಗದಲ್ಲಿ ಬಿಳಿ ಕಾಗದದ ನಡುವೆ ಇಡಿ. ಮಳೆಗಾಲದಲ್ಲಿ ಟ್ರಂಕು ನೆಲದ ಮೇಲಿಂದ ಎತ್ತರದಲ್ಲಿರಲಿ.