ಸೂಟಿಗೆ ಊರಿಗೆ ಹೊಂಟೋರು ಮೊದಲ ನಳ ನೋಡ್ರಿ

(ವಿಜಯಪುರದ ನಮ್ಮ ಅಡ್ಡರಸ್ತೆ ವಾಟ್ಸಾಪ್ ಗುಂಪು, ಏಪ್ರಿಲ್)

7ನೇ ಮನಿ: ಎಲ್ಲಾರಿಗೂ ನಮಸ್ಕಾರ್ರಿ. ನಿನ್ನೆ ರಾತ್ರಿ ಮೂರಕ್ಕ ನೀರು ಬಂದಾವು. 12ನೇ ಮನಿಯವರು ಕೀಲಿ ಹಾಕ್ಕೊಂಡು ಊರಿಗೆ ಹೋಗ್ಯಾರ, ನಳ ಮಾತ್ರ ತೆರದ ಬಿಟ್ಟಾರ. ಸಂಪ್ ತುಂಬಿ, ಅಂಗಳ ತುಂಬಿ, ನಮ್ಮ ಪಾಯಾದ ಬಾಜೂಕ ಹಳ್ಳ ಹರದಂಗ ಹರದೈತಿ. ಇಂಥ ಬ್ಯಾಸಿಗ್ಯಾಗ! ವಾಲ್ ಒಳಗೈತಿ, ಗೇಟಿಗೆ ಕೀಲಿ. ಫೋನ್ ಹತ್ತವಲ್ದು.

3ನೇ ಮನಿ, ಮಾಸ್ತರ್: ಮುಂಜಾನೆ ನಾನೂ ನೋಡಿದೆ. 68ನೇ ವಯಸ್ಸಿನ್ಯಾಗ ಕಂಪೌಂಡ್ ಹಾರೂ ಧೈರ್ಯ ಆಗಲಿಲ್ಲ. ಇನ್ನೂ ಅರ್ಧ ಓಣಿ ಊರಿಗೆ ಹೊಂಡೂದೈತಿ. ಯಾರು ಯಾವ ತಾರೀಖಿಗೆ ಹೋಗ್ತೀರಿ, ಯಾವಾಗ ಬರ್ತೀರಿ, ಇಲ್ಲೇ ಬರೀರಿ. ಪಟ್ಟಿ ಮಾಡೋಣು.

9ನೇ ಮನಿ: ನಾವು 22ಕ್ಕ ಹೊಂಟು

15ನೇ ಮನಿ: ವೈನಿ, ಅದನ್ನ ಮೊದಲ ಡಿಲೀಟ್ ಮಾಡ್ರಿ! ಮಾಸ್ತರ್ರ, ತಪ್ಪ ತಿಳ್ಕೋಬ್ಯಾಡ್ರಿ. ಮನಿ ಬಿಟ್ಟು ಹೋದ ಬಾಡಿಗಿಯವರು ಇನ್ನೂ ಈ ಗುಂಪಿನ್ಯಾಗ ಅದಾರ. ಪ್ಲಾಟ್ ಮಾರೂ ಏಜೆಂಟರು ಅದಾರ. ಕೆಲವು ನಂಬರ್ ಯಾರವು ಅಂತ ಅಡ್ಮಿನ್‌ಗೂ ಗೊತ್ತಿಲ್ಲ. ಇಲ್ಲಿ ತಾರೀಖು ಬರದ್ರ ಕಳ್ಳಗ ಟೈಮ್ ಟೇಬಲ್ ಕೊಟ್ಟಂಗ.

3ನೇ ಮನಿ, ಮಾಸ್ತರ್: ಖರೆ ಐತಿ. ನನ್ನ ಮಾತು ವಾಪಸ್. ಎಡಕಿನ ಮನಿ, ಬಲಕಿನ ಮನಿ, ಇಬ್ಬರಿಗೆ ಬಾಯಿಲೆ ಹೇಳ್ರಿ ಸಾಕು. ಠಾಣೆಗೂ ಒಂದ್ ಮಾತು ಹೇಳಿ ಹೋಗ್ರಿ, ಬೀಟಿನವರು ರಾತ್ರಿ ಈ ಕಡೆ ಒಂದ್ ಸುತ್ತ ಹಾಕಲಿ. ಕೀಲಿ ಮುರದ ಸಪ್ಪಳ ಕೇಳಿದ್ರ ಗುಂಪಿನ್ಯಾಗ ಬರಕೋತ ಕೂಡಬ್ಯಾಡ್ರಿ, 112ಕ್ಕ ಹಚ್ಚರಿ.

4ನೇ ಮನಿ: ಪೇಪರ್, ಹಾಲು ನಿಲ್ಲಸ್ರಿ ಅಂತ ಎಲ್ಲಾರೂ ಹೇಳ್ತಾರ. ನಮ್ಮ ಕಡೆ ಅದಕ್ಕಿಂತ ದೊಡ್ಡ ಗುರುತು ಅಂಗಳ. ಎರಡ್ ದಿನ ಥಳಿ ಹೊಡದಿಲ್ಲ, ರಂಗೋಲಿ ಇಲ್ಲ ಅಂದ್ರ ಬೀದ್ಯಾಗ ಹೋಗೂ ಕೂಸಿಗೂ ಗೊತ್ತಾಗ್ತದ. ಹೋದ ವರ್ಷ ನಾ ತವರಮನಿಗೆ ಹೋದಾಗ ಬಾಜೂ ವೈನಿ ದಿನಾ ನಮ್ಮ ಬಾಗಲಕ್ಕೂ ಎರಡ್ ಎಳಿ ರಂಗೋಲಿ ಎಳದಿದ್ರು. ಈ ಸಲ ಅವರು ಹೊಂಟ್ರ ನಂದು ಪಾಳಿ.

15ನೇ ಮನಿ: ಹೊರಗಿನ ಲೈಟ್ ಹಗಲೂ ರಾತ್ರಿ ಉರಸ್ತಾರಲ್ಲ, ಅದೂ ಅಂಥಾದ್ದ ಗುರುತು. ಬಾಜೂದವರು ಸಂಜೀಕ ಹಚ್ಚಿ ಮುಂಜಾನೆ ಆರಿಸಿದ್ರ ಆತು.

10ನೇ ಮನಿ: ಕರೆಂಟಿನ ವಿಷಯ ನಾ ಹೇಳ್ತೀನಿ, ಅನುಭವಿಸೀನಿ. ಹೋದ ಸೂಟ್ಯಾಗ ಮೇನ್ ಸ್ವಿಚ್ ಬಂದ್ ಮಾಡಿ ಶಾಣ್ಯಾ ಅಂದ್ಕೊಂಡು ಹೋದೆ. ಇನ್ವರ್ಟರ್‌ಗೆ ಏನ್ ಗೊತ್ರಿ? ಕರೆಂಟ್ ಹೋಗೇತಿ ಅಂತ ತಿಳದು, ಆರಸಲಿಕ್ಕೆ ಮರೆತ ಒಂದ್ ಫ್ಯಾನನ್ನ ಬ್ಯಾಟರಿ ಸಾಯೂ ತನಕ ತಿರಿಗಿಸೈತಿ. ಬಂದ ಮ್ಯಾಲೆ ಬ್ಯಾಟರಿ ಜೀವಾನ ಹಿಡೀಲಿಲ್ಲ. ಮೇನ್ ತೆಗೆದ್ರ ಇನ್ವರ್ಟರ್ ಸ್ವಿಚ್ಚೂ ತೆಗೀರಿ. ಕ್ಯಾಮೆರಾ ಇದ್ದವರು ಮೇನ್ ತೆಗೀಬ್ಯಾಡ್ರಿ, ಅದು ಕುರುಡಾಗ್ತದ. ಟಿವಿ, ಗೀಸರ್ ಪ್ಲಗ್ ಕಿತ್ತಿಡ್ರಿ, ಈ ತಿಂಗಳು ಅಡ್ಡಮಳಿ ಗುಡುಗು ಸಿಡಿಲು ಎಂದ ಬಂದೀತು ಹೇಳಲಿಕ್ಕೆ ಬರೂದಿಲ್ಲ.

9ನೇ ಮನಿ: ಮತ್ತ ಫ್ರಿಜ್?

10ನೇ ಮನಿ: ಖಾಲಿ ಮಾಡಿ, ಒರಸಿ, ಬಂದ್ ಮಾಡಿ, ಬಾಗಲ ಸ್ವಲ್ಪ ತೆರದ ಇಡ್ರಿ. ಮುಚ್ಚಿಟ್ರ ಬಂದಾಗ ಮೂಗು ಮುಚ್ಕೊಂಡು ಒಳಗ ಹೋಗಬೇಕು. ಗ್ಯಾಸ್ ರೆಗ್ಯುಲೇಟರ್ ತಿರುವಿ ಬಂದ್ ಮಾಡೂದು ಹೇಳೂದ ಬ್ಯಾಡ.

18ನೇ ಮನಿ, ದವಾಖಾನಿ ಸಿಸ್ಟರ್: ಡೆಂಗಿ ಬಗ್ಗೆ ಯಾರೂ ಮಾತಾಡವಲ್ರಿ. ಆ ಸೊಳ್ಳಿ ಗಟಾರದ್ದಲ್ಲ, ಮನಿಯೊಳಗಿನ ತಿಳಿ ನೀರಿಂದು, ಹಗಲ ಕಡಿಯೂದು. ತತ್ತಿಯಿಂದ ಸೊಳ್ಳಿ ಆಗಲಿಕ್ಕೆ ವಾರ ಹತ್ತು ದಿನ ಸಾಕು. ನೀವು 20 ದಿನ ಇಲ್ಲ ಅಂದ್ರ ಲೆಕ್ಕಾ ಹಾಕ್ರಿ. ಬ್ಯಾರಲ್, ನೀರಿನ ಹೌದು, ಕೂಲರ್ ಖಾಲಿ ಮಾಡ್ರಿ. ಬರೇ ಚೆಲ್ಲಿದ್ರ ಆಗೂದಿಲ್ಲ, ಒಳಗಿನ ಅಂಚು ತಿಕ್ಕಿ ತೊಳೀರಿ. ಗೋಡಿಗೆ ಅಂಟಿದ ತತ್ತಿ ಒಣಗಿದ್ರೂ ತಿಂಗಳಗಟ್ಟಲೆ ಬದುಕ್ತಾವ, ನೀರು ಬಿದ್ದ ಕೂಡ್ಲೆ ಹುಳ ಆಗ್ತಾವ. ಸಂಪ್, ಮ್ಯಾಲಿನ ಟಾಕಿ ಮುಚ್ಚಳ ಗಟ್ಟಿ ಐತೇನ್ ನೋಡ್ರಿ. ಬಚ್ಚಲ ಜಾಳಿಗಿಗೆ ಒಂದ್ ಚಮಚ ಎಣ್ಣಿ ಬಿಟ್ರ ಒಳಗಿನ ನೀರು ಲಗೂನ ಆರೂದಿಲ್ಲ, ನಾರೂದಿಲ್ಲ.

15ನೇ ಮನಿ: ಬಂಗಾರ ಏನ್ ಮಾಡೂದ್ರಿ? ಅಕ್ಕಿ ಡಬ್ಬಿ ಕಳ್ಳರಿಗೂ ಗೊತ್ತು.

5ನೇ ಮನಿ, ಬ್ಯಾಂಕ್ ಕಾಕಾ: ಲಾಕರ್. ಆದ್ರ ರಸೀದಿ, ಫೋಟೋ ನಿಮ್ಮ ಕಡೆ ಇಟ್ಕೋರಿ. ಒಳಗ ಏನ್ ಇಟ್ಟೀರಿ ಅಂತ ಬ್ಯಾಂಕಿಗೆ ಗೊತ್ತಿರೂದಿಲ್ಲ. ಬೆಂಕಿ, ಕಳವು ಆದ್ರ ಬ್ಯಾಂಕಿನ ಹೊಣಿ ವರ್ಷದ ಬಾಡಿಗಿಯ 100 ಪಟ್ಟು ಮಾತ್ರ. 2022ರ ಜನವರಿಯಿಂದ ಆರ್‌ಬಿಐ ನಿಯಮ ಹಂಗೈತಿ.

12ನೇ ಮನಿ: ಎಲ್ಲಾರೂ ಕ್ಷಮಾ ಮಾಡ್ರಿ 🙏 ಪಂಢರಪುರದಾಗ ದರ್ಶನದ ಪಾಳಿಯೊಳಗಿದ್ವಿ, ಫೋನ್ ಈಗ ನೋಡಿದೆ. ಹೊಂಡೂ ಹೊತ್ತಿನ್ಯಾಗ ನಳದಾಗ ನೀರ ಇದ್ದಿದ್ದಿಲ್ಲ, ತೆರದದ್ದು ಗೊತ್ತಾಗಲಿಲ್ಲ. ಗೇಟಿನ ಕೀಲಿಕೈ ಕಂಪೌಂಡ್ ಮ್ಯಾಲಿನ ಎರಡನೇ ಕುಂಡದ ಕೆಳಗೈತಿ, ಯಾರಾರ

15ನೇ ಮನಿ: ಅಯ್ಯೋ ದೇವರ! ಡಿಲೀಟ್! ಡಿಲೀಟ್!

3ನೇ ಮನಿ, ಮಾಸ್ತರ್: 7ನೇ ಮನಿ ವೈನಿ, ಓಡ್ರಿ.

7ನೇ ಮನಿ: ಕೀಲಿಕೈ ನನ್ನ ಕೈಯಾಗ ಬಂತು. ವಾಲ್ ಬಂದ್ ಮಾಡೀನಿ. ಅಣ್ಣಾರ, ಅಡಿಗಿಮನಿ ಕಿಡಕೀನೂ ತೆರದೈತಿ.