ಫಿಟ್ಸ್ ಬಂದು ಸೇನೆಯಿಂದ ಹೊರಬಂದವರಿಗೆ ಡಿಸೆಬಿಲಿಟಿ ಪೆನ್ಷನ್: ಮೊದಲ ಅಪೀಲು ವಜಾ ಆದರೆ ಮುಂದೇನು?

ಗಡಿನಾಡು: ನಮ್ಮೂರಿನ ಮಾಜಿ ಸಿಪಾಯಿಯೊಬ್ಬರಿಗೆ ಸರ್ವಿಸಿಗೆ ಸೇರಿ ಒಂಬತ್ತು ವರ್ಷದ ಮೇಲೆ ಫಿಟ್ಸ್ ಶುರುವಾಗಿದೆ. 2006ರಲ್ಲಿ ಮೆಡಿಕಲ್ ಬೋರ್ಡ್ 20% ವೈಕಲ್ಯ ಎಂದು ಬರೆದು ಮನೆಗೆ ಕಳಿಸಿದೆ. ಕಾರಣದ ಕಾಲಮ್ಮಿನಲ್ಲಿ ‘ಕಾನ್‌ಸ್ಟಿಟ್ಯೂಷನಲ್ (ದೇಹಪ್ರಕೃತಿಯಿಂದಲೇ ಬಂದದ್ದು), ಸೇವೆಗೆ ಸಂಬಂಧವಿಲ್ಲ’ ಎಂದಷ್ಟೇ ಇದೆ. ಮೊದಲ ಅಪೀಲು ಈಗಷ್ಟೇ ವಜಾ ಆಯಿತು. ದಾರಿ ಇದೆಯೇ?

ಹಳೇ ಕಡತ: ಇದೆ ಸರ್. ಆ ಒಂದೇ ಸಾಲನ್ನು ಹಿಡಿದು ಹೋರಾಡಿ. 2008ಕ್ಕೆ ಮೊದಲು ಹೊರಬಂದವರಿಗೆ 1982ರ ಎಂಟೈಟಲ್‌ಮೆಂಟ್ ರೂಲ್ಸ್ (ಈ ಪೆನ್ಷನ್ ಯಾರಿಗೆ ಸಲ್ಲುತ್ತದೆಂದು ಹೇಳುವ ನಿಯಮಗಳು) ಅನ್ವಯಿಸುತ್ತದೆ. ಸೇರುವಾಗಿನ ವೈದ್ಯಕೀಯ ವರದಿಯಲ್ಲಿ ಕಾಯಿಲೆ ನಮೂದಾಗಿಲ್ಲದಿದ್ದರೆ ಅದು ಸರ್ವಿಸಿನಲ್ಲೇ ಬಂತೆಂದು ಭಾವಿಸಬೇಕು. ಮೊದಲೇ ಇತ್ತು, ಆಗ ಗೊತ್ತಾಗಲಿಲ್ಲ ಎನ್ನುವುದಾದರೆ ಬೋರ್ಡ್ ಅದಕ್ಕೆ ಕಾರಣ ಬರೆಯಲೇಬೇಕು. 9ನೇ ನಿಯಮದ ಪ್ರಕಾರ ರುಜುವಾತಿನ ಹೊಣೆ ಸಿಪಾಯಿಯದಲ್ಲ.

ಧರಂವೀರ್ ಸಿಂಗ್ ಪ್ರಕರಣ ಓದಿ. ಸೇನೆಯ ಸಿಗ್ನಲ್ಸ್ (ಸಂಪರ್ಕ) ವಿಭಾಗದ ಸಿಪಾಯಿ, ಇದೇ ಫಿಟ್ಸ್, ಇದೇ 20%. ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಪೆನ್ಷನ್ ಕೊಡಿಸಿತು. ಆದರೆ ತೀರ್ಪಿನ ಹೆಸರು ಬರೆದರಷ್ಟೇ ಸಾಲದು, ಬಹಳ ಅಪೀಲುಗಳು ಸೋಲುವುದೇ ಅಲ್ಲಿ. ಬೋರ್ಡಿನ ವರದಿ ಇರುವ ಎಎಫ್‌ಎಂಎಸ್‌ಎಫ್-16 ಫಾರಂನಲ್ಲಿ ಯಾವ ಕಾಲಮ್ಮಿಗೆ ಕಾರಣ ಕೊಟ್ಟಿಲ್ಲ ಎಂದು ಬೊಟ್ಟು ಮಾಡಿ ತೋರಿಸಿ. ಫಾರಂ ಕೈಯಲ್ಲಿಲ್ಲದಿದ್ದರೆ ಸೇನೆಯ ರೆಕಾರ್ಡ್ ಆಫೀಸಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಹಾಕಿ, ಸೇರ್ಪಡೆಯ ವರದಿಯನ್ನೂ ಕೇಳಿ.

ಗಡಿನಾಡು: ಸ್ಕ್ಯಾನ್‌ನಲ್ಲಿ ಮೆದುಳಿನಲ್ಲಿ ಹುಳುವಿನ ಗಂಟು ಕಂಡಿತ್ತಂತೆ. ಅದರಿಂದ ಕೇಸಿಗೆ ತೊಂದರೆಯೇ?

ನ್ಯೂರೋ ವಾರ್ಡ್: ತೊಂದರೆಯಲ್ಲ, ಅನುಕೂಲ! ಅದು ಸೋಂಕು. ಸೇನೆಯ ವೈದ್ಯಾಧಿಕಾರಿಗಳ ಮಾರ್ಗದರ್ಶಿ (2002), ಪ್ಯಾರಾ 33ರಲ್ಲಿ ಸೋಂಕು ಅಥವಾ ಸೇವೆಯಲ್ಲಾದ ತಲೆಪೆಟ್ಟಿನಿಂದ ಬಂದ ಫಿಟ್ಸನ್ನು ಸೇವೆಯಿಂದಲೇ ಬಂದದ್ದೆಂದು ಒಪ್ಪಬೇಕೆಂದಿದೆ. ಸೋಂಕು ತಗುಲಿ ಏಳು ವರ್ಷದ ನಂತರವೂ ಫಿಟ್ಸ್ ಬರಬಹುದು, ತಿರಸ್ಕರಿಸುವ ಮುನ್ನ ಅದನ್ನು ಗಮನಿಸಿ ಎಂದೂ ಅಲ್ಲೇ ಇದೆ. ಸ್ಕ್ಯಾನ್ ವರದಿ, ಮೊದಲ ಅಡ್ಮಿಷನ್ನಿನ ಡಿಸ್ಚಾರ್ಜ್ ಸಮರಿ, ಪೋಸ್ಟಿಂಗ್ ವಿವರ ಲಗತ್ತಿಸಿ. ಇಇಜಿ (ಮೆದುಳಿನ ವಿದ್ಯುತ್ ತರಂಗಗಳ ಪರೀಕ್ಷೆ) ನಾರ್ಮಲ್ ಇದ್ದರೆ ಹೆದರಬೇಡಿ, ಫಿಟ್ಸ್ ಇರುವವರಲ್ಲೂ ಹಾಗೆ ಬರುತ್ತದೆ.

ದಯವಿಟ್ಟು ಒಂದು ಮಾತು: ಮರುಪರೀಕ್ಷೆಯಲ್ಲಿ ಕಾಯಿಲೆ ಜಾಸ್ತಿ ಕಾಣಲಿ ಎಂದು ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ನಿಲ್ಲದೆ ಪ್ರಾಣವೇ ಹೋಗಬಹುದು.

ಹಳೇ ಕಡತ: ಮೊದಲನೆಯದು ವಜಾ ಆದ ಮೇಲೆ ಎರಡನೇ ಅಪೀಲಿಗೆ ಆರು ತಿಂಗಳ ಗಡುವಿದೆ. ಅದನ್ನು ಹಾಕಿ ಆರು ತಿಂಗಳಾದರೂ ಆದೇಶ ಬರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಸುಪ್ರೀಂ ಕೋರ್ಟಿನ ತರ್ಸೇಮ್ ಸಿಂಗ್ ತೀರ್ಪಿನಂತೆ (2008) ತಡವಾದ ಕೇಸುಗಳಲ್ಲಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ ಬಾಕಿಯಷ್ಟೇ ಸಿಗುವುದರಿಂದ ದಿನ ದೂಡಬೇಡಿ. 20% ವೈಕಲ್ಯವನ್ನು 50%ಗೆ ರೌಂಡ್ ಮಾಡಿ (50% ಎಂದೇ ಲೆಕ್ಕ ಹಿಡಿದು) ಪೆನ್ಷನ್ ಕೊಡಬೇಕೆಂಬ ಕೋರಿಕೆಯನ್ನು ಅರ್ಜಿಯಲ್ಲೇ ಬರೆಯಿರಿ.