ಸಹಾಯ ಬೇಕು: ದತ್ತು ಆದೇಶಕ್ಕೆ ಮೊದಲೇ ಮಗಳ ಬಳಿಗೆ ಹೋಗಬೇಕೇ?

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಕನ್ನಡ ದಂಪತಿ; ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಮೂಲಕ, ಕರ್ನಾಟಕದ ಸಂಸ್ಥೆಯೊಂದರಲ್ಲಿರುವ ನಾಲ್ಕು ವರ್ಷದ ಹೆಣ್ಣುಮಗುವನ್ನು ದತ್ತು ಪಡೆಯುತ್ತಿದ್ದೇವೆ. ಗೃಹ ಅಧ್ಯಯನ ವರದಿ (ದತ್ತು ಪಡೆಯಲು ನಾವು ಅರ್ಹರೇ ಎಂದು ನಮ್ಮ ಮನೆ, ಹಿನ್ನೆಲೆ ನೋಡಿ ಬರೆದ ವರದಿ), ಇಲ್ಲಿನ ವಲಸೆ ಇಲಾಖೆಯ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ ಎಲ್ಲವೂ ಕೈಸೇರಿವೆ. 2022ರಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು ನೀಡುತ್ತಾರೆ. ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕೆಂಬ ನಿಯಮವಿದ್ದರೂ ನಮ್ಮ ಅರ್ಜಿಗೆ ಐದನೆಯ ತಿಂಗಳು ನಡೆಯುತ್ತಿದೆ. ಸಂಸ್ಥೆಗೆ ಮೂರು ಬಾರಿ ಬರೆದೆವು, ಅಣ್ಣನನ್ನು ಕಚೇರಿಗೂ ಕಳುಹಿಸಿದೆವು. ಕಡತ ಪರಿಶೀಲನೆಯಲ್ಲಿದೆ ಎಂಬುದಷ್ಟೇ ಉತ್ತರ.

ಅತ್ತೆಯವರು ಊರಿನಲ್ಲಿ ಮುಡಿಪು ಕಟ್ಟಿಟ್ಟು ನಿಶ್ಚಿಂತರಾಗಿದ್ದಾರೆ. ನನಗೆ ಅಷ್ಟು ಗಟ್ಟಿ ನಂಬಿಕೆಯಿಲ್ಲ. ಆದರೂ ವಿಡಿಯೊ ಕರೆಯಲ್ಲಿ ಮಗು ತನ್ನ ಹೊಸ ರಿಬ್ಬನ್ ತೋರಿಸಿ ನಕ್ಕ ದಿನ, ಈ ಕಾಗದಪತ್ರಗಳ ಆಯಾಸವೆಲ್ಲ ಮರೆತೇಹೋಗಿತ್ತು. ಕಳೆದ ವಾರ ಅವಳು "ಯಾವಾಗ ಬರ್ತೀಯಮ್ಮಾ?" ಎಂದು ಕೇಳಿದಾಗ ಮಾತ್ರ ನನಗೆ ಮಾತೇ ಹೊರಡಲಿಲ್ಲ.

ನಿರಾಕ್ಷೇಪಣಾ ಪತ್ರ ದೊರೆತ ಮೇಲೆ, ಆದೇಶ ಬರುವವರೆಗೆ ಭಾರತದಲ್ಲಿಯೇ ಮಗುವನ್ನು ದತ್ತುಪೂರ್ವ ಪೋಷಣೆಗೆ ಪಡೆಯಲು, ಅಂದರೆ ತಾತ್ಕಾಲಿಕವಾಗಿ ನಮ್ಮೊಡನೆ ಇರಿಸಿಕೊಳ್ಳಲು, ಅವಕಾಶವಿದೆ. ಆದರೆ ಇಲ್ಲಿ ನನಗಿರುವುದು 12 ವಾರಗಳ ವೇತನರಹಿತ ರಜೆ. ಅದನ್ನು ಈಗಲೇ ಬಳಸಿದರೆ, ಅವಳು ಇಲ್ಲಿಗೆ ಬಂದು ಹೊಸ ಭಾಷೆ, ಚಳಿ, ಅಪರಿಚಿತ ಮನೆಗೆ ಹೊಂದಿಕೊಳ್ಳುವಾಗ ಜೊತೆಗಿರಲು ಏನೂ ಉಳಿಯುವುದಿಲ್ಲ.

ವಿದೇಶದಲ್ಲಿದ್ದು ದತ್ತು ಪಡೆದವರು ದಯವಿಟ್ಟು ತಿಳಿಸಿ: ಆದೇಶಕ್ಕೆ ಮೊದಲೇ ಹೋಗಿ ಮಗುವಿನೊಡನೆ ಇದ್ದಿರಾ, ಅಥವಾ ಕಾದಿರಾ? ದಿನಾಂಕವೇ ತಿಳಿಯದಿದ್ದಾಗ, "ಯಾವಾಗ" ಎಂಬ ಮಗುವಿನ ಪ್ರಶ್ನೆಗೆ ಏನು ಹೇಳಿದಿರಿ?